ಸೆಳೆತಶಾಮಕ ಔಷಧಗಳೂ ಅವಯವಭೇದವೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಮನೆಗಳಲ್ಲಿ ಹೊಟ್ಟೆ ನುಲಿದರೆ ಮೊದಲು ಓಮದ ಕಷಾಯ. ಅದಕ್ಕೆ ಮಣಿಯದಿದ್ದರೆ ಅಂಗಡಿಯಿಂದ ತಂದ ಮಾತ್ರೆ. ಕರುಳಿನ ಶೂಲೆಗೆ ತಂದಿಟ್ಟ ಮಾತ್ರೆಯನ್ನೇ ಮೂತ್ರದ ಕಲ್ಲಿನ ನೋವಿಗೂ ಮುಟ್ಟಿನ ನೋವಿಗೂ ನುಂಗುವುದುಂಟು. ಸೆಳೆತವೆಲ್ಲ ಒಂದೇ, ಆದುದರಿಂದ ಮದ್ದೂ ಒಂದೇ ಎಂಬ ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕರುಳು, ಪಿತ್ತನಾಳ, ಮೂತ್ರನಾಳ, ಗರ್ಭಕೋಶ ಇವುಗಳ ಭಿತ್ತಿಯಲ್ಲಿರುವುದು ನಮ್ಮ ಇಚ್ಛೆಗೆ ಒಳಪಡದ ನಯಸ್ನಾಯು. ಅದು ಸಂಕೋಚಗೊಳ್ಳುವ ಕೊನೆಯ ಹಂತ ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ: ಜೀವಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಅದು ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿನೊಡನೆ ಕೂಡಿ ಒಂದು ಕಿಣ್ವವನ್ನು ಎಚ್ಚರಿಸುತ್ತದೆ, ಆ ಕಿಣ್ವವು ಮಯೋಸಿನ್ನಿಗೆ ಫಾಸ್ಫೇಟನ್ನು ಸೇರಿಸಲು ಸ್ನಾಯು ಬಿಗಿಯುತ್ತದೆ. ಆದರೆ ಕ್ಯಾಲ್ಸಿಯಂ ಏರಲು ಪ್ರೇರಣೆ ಬರುವ ದಾರಿಗಳು ಅವಯವದಿಂದ ಅವಯವಕ್ಕೆ ಬೇರೆ. ಗಂಗೊಳ್ಳಿಯ ಬಳಿ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಹೊಳೆಗಳು ಕೂಡಿ ಒಂದೇ ಅಳಿವೆಯಿಂದ ಕಡಲು ಸೇರುವುದನ್ನು ವಾಚಕರು ಬಲ್ಲರು. ಒಂದು ಹೊಳೆಗೆ ಕಟ್ಟ ಹಾಕಿದರೆ ಉಳಿದವುಗಳ ನೀರು ನಿಲ್ಲದು. ಔಷಧದ ಮಾತೂ ಹಾಗೆಯೇ.

ಕರುಳಿನಲ್ಲಿ ಮುಖ್ಯ ಪ್ರೇರಕ ಅಸಿಟೈಲ್‌ಕೋಲಿನ್. ಅದು ಮಸ್ಕರಿನಿಕ್ ಗ್ರಾಹಕಗಳನ್ನು, ವಿಶೇಷವಾಗಿ ಮೂರನೆಯ ಬಗೆಯದನ್ನು, ಹಿಡಿದು ಸ್ನಾಯುವನ್ನು ಬಿಗಿಸುತ್ತದೆ. ನಮ್ಮ ದಾರಿಬದಿಯ ಉಮ್ಮತ್ತದಲ್ಲಿರುವ ಆಟ್ರೊಪಿನ್ ಮತ್ತು ಹಯೋಸಿನ್ ತಡೆಯುವುದು ಈ ಗ್ರಾಹಕಗಳನ್ನೇ. ಅದರ ಬೀಜ ತಿಂದವರಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಮೂತ್ರ ಕಟ್ಟಿ, ಚಿತ್ತ ಕದಡುವುದು ಇದೇ ತಡೆಯ ಅತಿರೇಕ. ಹಯೋಸಿನ್ನಿಗೆ ಬ್ಯುಟೈಲ್ ಗುಂಪನ್ನು ಸೇರಿಸಿದ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಮಿದುಳನ್ನು ಸುಲಭವಾಗಿ ಹೊಗದು. ಬಾಯಿಂದ ಕೊಟ್ಟಾಗ ರಕ್ತಕ್ಕೆ ಸೇರುವುದೂ ಅತ್ಯಲ್ಪವಾದುದರಿಂದ ಅದರ ಕೆಲಸ ಬಹುಪಾಲು ಕರುಳಿನಲ್ಲಿಯೇ ನಡೆಯುತ್ತದೆ. ಡೈಸೈಕ್ಲೊಮೀನ್ ಚೆನ್ನಾಗಿ ಹೀರಲ್ಪಡುವುದರಿಂದ ಅದರ ಪರಿಣಾಮ ಇತರ ಅವಯವಗಳಲ್ಲಿಯೂ ಕಾಣುತ್ತದೆ.

ಇನ್ನು ಕೆಲವು ಔಷಧಗಳು ಅಳಿವೆಯ ಸಮೀಪದಲ್ಲಿಯೇ ತಡೆಯೊಡ್ಡುತ್ತವೆ. 1848ರಲ್ಲಿ ಗೆಯೋರ್ಗ್ ಮೆರ್ಕ್ ಅಫೀಮಿನಿಂದ ಬೇರ್ಪಡಿಸಿದ ಪಪಾವರಿನ್ ಮತ್ತು ಅದಕ್ಕೆ ರಚನೆಯಲ್ಲಿ ಹತ್ತಿರವಾದ ಡ್ರೊಟಾವರಿನ್ ಫಾಸ್ಫೊಡೈಎಸ್ಟರೇಸ್ ಕಿಣ್ವವನ್ನು ತಡೆದು ಸ್ನಾಯುವನ್ನು ಸಡಿಲಿಸುತ್ತವೆ. ಪುದೀನಾ ಜಾತಿಯ ಎಣ್ಣೆಯಲ್ಲಿರುವ ಮೆಂಥಾಲ್ ಕ್ಯಾಲ್ಸಿಯಂ ಒಳಬರುವ ದ್ವಾರವನ್ನೇ ಮುಚ್ಚುತ್ತದೆ. ಅದು ಅನ್ನನಾಳದ ಕೆಳಬಾಗಿಲನ್ನೂ ಸಡಿಲಿಸಿ ಎದೆಯುರಿ ತರಬಲ್ಲುದಾದ ಕಾರಣ, ಕರುಳಿನಲ್ಲಿ ಮಾತ್ರ ಕರಗುವ ಹೊದಿಕೆಯ ಗುಳಿಗೆಯಾಗಿ ಅದನ್ನು ಕೊಡುವರು.

ಮೂತ್ರನಾಳದ ಸ್ಥಿತಿ ಬೇರೆ. ಅದರ ಅಲೆಗಳು ಮೂತ್ರಪಿಂಡದ ಕುಂಡದಲ್ಲಿರುವ ಸ್ವಯಂಚಾಲಕ ಕೋಶಗಳಿಂದ ಹುಟ್ಟುವುದರಿಂದ ಅಸಿಟೈಲ್‌ಕೋಲಿನ್ನನ್ನು ತಡೆದು ಆಗುವ ಪ್ರಯೋಜನ ಕಡಮೆ. ಕಲ್ಲು ಸಿಕ್ಕಿಕೊಂಡಾಗ ಪ್ರಾಸ್ಟಗ್ಲಾಂಡಿನ್ ಹೆಚ್ಚಿ ಮೂತ್ರಪಿಂಡದೊಳಗಿನ ಒತ್ತಡ ಏರುತ್ತದೆ; ಆದಕಾರಣ ಪ್ರಾಸ್ಟಗ್ಲಾಂಡಿನ್ ಉತ್ಪತ್ತಿಯನ್ನು ತಡೆಯುವ ಡೈಕ್ಲೊಫೆನಾಕ್ ಸೆಳೆತಶಾಮಕಕ್ಕಿಂತ ಮೇಲು. ನಾಳದ ಕೆಳತುದಿಯ ಆಲ್ಫಾ ಗ್ರಾಹಕಗಳನ್ನು ಟಾಮ್ಸುಲೋಸಿನ್ ತಡೆಯುತ್ತದೆ. ಮುಟ್ಟಿನ ನೋವಿನ ಮೂಲವೂ ಗರ್ಭಕೋಶದ ಒಳಪೊರೆಯ ಪ್ರಾಸ್ಟಗ್ಲಾಂಡಿನ್ನೇ. ಅಲ್ಲಿ ಮೆಫೆನಾಮಿಕ್ ಆಮ್ಲ ಉಪಯುಕ್ತ. ಆದರೆ ಅದರಿಂದ ಚರ್ಮದ ಗುಳ್ಳೆ, ಜ್ವರ, ಒಳ ಅವಯವಗಳ ಬಾಧೆ ಕೂಡಿದ ತೀವ್ರ ಅಲರ್ಜಿ ಬರಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗವು 2023ರಲ್ಲಿ ಎಚ್ಚರಿಸಿತು.

ಒಂದು ಅವಯವಕ್ಕೆ ಉಪಕಾರವಾದುದು ಮತ್ತೊಂದಕ್ಕೆ ಅಪಕಾರವಾಗುವ ಸಂದರ್ಭಗಳಿವೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದ ವೃದ್ಧರು ಡೈಸೈಕ್ಲೊಮೀನ್ ನುಂಗಿದರೆ ಕರುಳು ಶಾಂತವಾಗಬಹುದು, ಮೂತ್ರಕೋಶವೂ ಸಂಕೋಚಿಸಲಾರದೆ ಮೂತ್ರ ಕಟ್ಟಬಹುದು. ಗ್ಲಾಕೋಮಾ ಇದ್ದವರಲ್ಲಿ ಕಣ್ಣಿನ ಒತ್ತಡ ಏರಬಹುದು. ಉಸಿರಾಟಕ್ಕೆ ತೊಂದರೆಯಾದ ಪ್ರಕರಣಗಳಿಂದಾಗಿ ಆರು ತಿಂಗಳೊಳಗಿನ ಶಿಶುಗಳಿಗೆ ಡೈಸೈಕ್ಲೊಮೀನ್ ನಿಷಿದ್ಧ. ಎಲ್ಲಕ್ಕಿಂತ ಮಿಗಿಲಾಗಿ, ಅಪೆಂಡಿಕ್ಸಿನ ಉರಿಯೂತದಲ್ಲಿಯೋ ಕರುಳಿನ ತಡೆಯಲ್ಲಿಯೋ ಮಾತ್ರೆಯಿಂದ ನೋವು ತಗ್ಗಿದಂತೆ ತೋರಿ, ಆಸ್ಪತ್ರೆಗೆ ಹೋಗಬೇಕಾದ ಹೊತ್ತು ಮೀರಿಹೋಗಬಹುದು.

ಆದುದರಿಂದ ‘ಹೊಟ್ಟೆನೋವಿನ ಮಾತ್ರೆ’ ಎಂಬ ಒಂದು ಹೆಸರು ಶಾಸ್ತ್ರಕ್ಕೆ ಸಮ್ಮತವಲ್ಲ. ಯಾವ ಅವಯವ, ಯಾವ ಪ್ರೇರಣೆ, ಯಾವ ತಡೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಔಷಧದ ಆಯ್ಕೆ ಯುಕ್ತವಾದೀತು. ಈ ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ತಮ್ಮ ಮನೆಯಿಂದಲೇ ಆರಂಭಿಸಬಹುದು.