ಒಡೆದ ಗಾಜು ಕೂಡಿದ ಕಥೆ

‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಗಾಜಿನ ಪಾಡೂ ಅಷ್ಟೇ ಎಂದುಕೊಂಡಿದ್ದೀರಾ? ಹಾಗಾದರೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ‘ಪೋರ್ಟ್‌ಲ್ಯಾಂಡ್ ವೇಸ್’ ಎಂಬ ಗಾಜಿನ ಹೂಜಿಯ ಕಥೆ ಕೇಳಿ.

ಒಂದು ಗೇಣಿಗಿಂತ ತುಸು ಎತ್ತರದ ಈ ಹೂಜಿಯನ್ನು ರೋಮನ್ನರು ತಯಾರಿಸಿದ್ದು ಸುಮಾರು 2,000 ವರ್ಷಗಳ ಹಿಂದೆ. ಕಡುನೀಲಿ ಗಾಜಿನ ಉಂಡೆಯನ್ನು ಕರಗಿದ ಬಿಳಿ ಗಾಜಿನಲ್ಲಿ ಅದ್ದಿ, ಎರಡನ್ನೂ ಒಟ್ಟಿಗೆ ಊದಿ ಉಬ್ಬಿಸಿದರು. ತಣಿದ ಮೇಲೆ ಹೊರಗಿನ ಬಿಳಿ ಪದರವನ್ನು ಕೆತ್ತಿ ತೆಗೆದರು. ಉಳಿದ ಬಿಳಿಯೇ ಸ್ತ್ರೀಪುರುಷರ, ಗಿಡಮರಗಳ ಚಿತ್ರವಾಯಿತು. ತಣಿಯುವಾಗ ಎರಡು ಗಾಜುಗಳೂ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಇಡೀ ಪಾತ್ರೆಯೇ ಸೀಳಿಹೋಗುತ್ತಿತ್ತು!

ಇಂಥ ಹೂಜಿ 1845ರ ಫೆಬ್ರುವರಿ 7ರಂದು ನುಚ್ಚುನೂರಾಯಿತು. ಕುಡಿದ ಅಮಲು ಇಳಿಯದ ಯುವಕನೊಬ್ಬ ಮ್ಯೂಸಿಯಂನಲ್ಲಿದ್ದ ಕಲ್ಲಿನ ಶಿಲ್ಪವೊಂದನ್ನು ಎತ್ತಿ ಅದರ ಮೇಲೆ ಎಸೆದಿದ್ದ. ಆತನಿಗೆ ಬಿದ್ದ ದಂಡ ಕೇವಲ 3 ಪೌಂಡ್. ಅದೂ ಹೂಜಿಗಲ್ಲ, ಅದನ್ನಿಟ್ಟಿದ್ದ ಗಾಜಿನ ಪೆಟ್ಟಿಗೆಗೆ! 5 ಪೌಂಡಿಗಿಂತ ಹೆಚ್ಚು ಬೆಲೆಯ ವಸ್ತುವಿಗೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಯುವಕನ ಮನೆಯವರು ಬಡವರೆಂದು ತಿಳಿದ ಹೂಜಿಯ ಒಡೆಯ, ಪೋರ್ಟ್‌ಲ್ಯಾಂಡ್ ಡ್ಯೂಕ್, ಪರಿಹಾರಕ್ಕಾಗಿ ದಾವೆ ಹೂಡಲಿಲ್ಲ.

ಅದೇ ವರ್ಷ ಜಾನ್ ಡಬಲ್‌ಡೇ ಎಂಬಾತ ಚೂರುಗಳನ್ನು ಅಂಟಿಸಿ ಹೂಜಿಯನ್ನು ನಿಲ್ಲಿಸಿದ. ಆದರೆ 37 ಸಣ್ಣ ಚೂರುಗಳಿಗೆ ಜಾಗ ಸಿಗಲಿಲ್ಲ. ಅವನ್ನು ಇಡಲು ಖಾನೆಗಳುಳ್ಳ ಪೆಟ್ಟಿಗೆ ಮಾಡಿಕೊಡುವಂತೆ ಪೆಟ್ಟಿಗೆ ಮಾಡುವವನೊಬ್ಬನಿಗೆ ಒಪ್ಪಿಸಲಾಯಿತು. ಆಮೇಲೆ ಎಲ್ಲರೂ ಮರೆತರು! ಚೂರುಗಳು ಮತ್ತೆ ಮ್ಯೂಸಿಯಂ ಕಂಡದ್ದು 1948ರಲ್ಲಿ. ಹೂಜಿಯನ್ನು ಬಿಚ್ಚಿ ಮತ್ತೆ ಜೋಡಿಸಿದಾಗ ಅವುಗಳಲ್ಲಿ ಮೂರಕ್ಕೆ ಮಾತ್ರ ಜಾಗ ದೊರೆಯಿತು.

1980ರ ದಶಕದ ಹೊತ್ತಿಗೆ ಅಂಟು ಸಡಿಲವಾಗಿ, ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಬೆಸುಗೆಗಳು ಸದ್ದು ಮಾಡತೊಡಗಿದವು. ನೈಜೆಲ್ ವಿಲಿಯಮ್ಸ್ ಮತ್ತು ಸಾಂಡ್ರಾ ಸ್ಮಿತ್ ಹೂಜಿಯನ್ನು ಮತ್ತೊಮ್ಮೆ ಚೂರುಚೂರಾಗಿ ಬಿಡಿಸಿದರು. ಹಳೆಯ ಅಂಟನ್ನು ತೊಳೆದು, ಹೊಸ ಅಂಟಿನಿಂದ ಕೂಡಿಸಿದರು. ಉಳಿದಿದ್ದ ಪುಟ್ಟ ಚೂರುಗಳಲ್ಲಿ ಬಹುಪಾಲು ತಮ್ಮ ತಮ್ಮ ಜಾಗ ಸೇರಿದವು. ಕೆಲಸ ಮುಗಿದದ್ದು 1989ರಲ್ಲಿ.

ಒಡೆಯಲು ಹಿಡಿದದ್ದು ಒಂದು ಕ್ಷಣ; ಸರಿಯಾಗಿ ಕೂಡಿಸಲು ಹಿಡಿದದ್ದು 144 ವರ್ಷ. ಜಾಗ ಗೊತ್ತಾಗದ ಚೂರನ್ನೂ ಯಾರೂ ಕಸದಬುಟ್ಟಿಗೆ ಎಸೆಯಲಿಲ್ಲ. ಹೂಜಿ ಇಂದು ನಿಂತಿರುವುದು ಅದರಿಂದಲೂ ಹೌದಲ್ಲವೆ?