ರೇಸ್ ಕಾರು ಕಟ್ಟುವವರ ದಾರಿ

ಫಾರ್ಮುಲಾ ಒನ್ ಮೋಟಾರ್ ರೇಸಿಂಗಿನ ತುತ್ತತುದಿ. ಅಲ್ಲಿ ಪ್ರತಿ ತಂಡವೂ ತನ್ನ ಕಾರನ್ನು ತಾನೇ ರೂಪಿಸಬೇಕೆಂಬುದು ನಿಯಮ. ಎಂಜಿನ್, ಗೇರ್‌ಬಾಕ್ಸ್ ಬೇರೆಯವರಿಂದ ಕೊಳ್ಳಬಹುದು. ಆದರೆ ಚಾಲಕ ಕೂರುವ ಕಾರ್ಬನ್ ಫೈಬರ್ ಗೂಡು, ಹಿಂದುಮುಂದಿನ ರೆಕ್ಕೆಗಳು, ಗಾಳಿ ಸೀಳುವ ಹೊರಮೈ ಇವು ತಂಡದ ಸ್ವಂತ ವಿನ್ಯಾಸವೇ ಆಗಿರಬೇಕು. ಹೀಗಾಗಿ ಈ ಕ್ರೀಡೆಗೆ ಚಾಲಕರ ದಾರಿಯಲ್ಲದೆ ಇನ್ನೆರಡು ದಾರಿಗಳಿವೆ. ಒಂದು ತಂಡ ಕಟ್ಟುವವರದು, ಇನ್ನೊಂದು ಕಾರು ರೂಪಿಸುವವರದು. ಕಾರವಾರ, ಅಂಕೋಲೆಯ ಯುವಜನರಿಗೆ ಮೊದಲನೆಯದು ಬಹುದೂರದ ಮಾತು. ಎರಡನೆಯದನ್ನು ಮನೆಯಿಂದ ಬಸ್ಸು ಹತ್ತಿ ಹೋಗುವಷ್ಟು ಹತ್ತಿರದಲ್ಲೇ ಶುರು ಮಾಡಬಹುದು.

ಹೊಸ ತಂಡವೊಂದು ಒಳಗೆ ಬರಬೇಕಾದರೆ ಮೊದಲು ವಿಶ್ವ ಮೋಟಾರ್ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎಯ ಒಪ್ಪಿಗೆ ಬೇಕು. ಆಮೇಲೆ ಫಾರ್ಮುಲಾ ಒನ್‌ನ ವಾಣಿಜ್ಯ ಹಕ್ಕು ಹೊಂದಿರುವ ಕಂಪನಿಯೂ ಒಪ್ಪಬೇಕು. ಅಮೆರಿಕದ ಆಂಡ್ರೆಟ್ಟಿ ತಂಡಕ್ಕೆ 2023ರ ಅಕ್ಟೋಬರಿನಲ್ಲಿ ಎಫ್‌ಐಎ ಹಸಿರು ನಿಶಾನೆ ತೋರಿತು. ಆದರೆ 2024ರ ಜನವರಿಯಲ್ಲಿ ವಾಣಿಜ್ಯ ಕಂಪನಿ ಬಾಗಿಲು ಹಾಕಿತು. ಕೊನೆಗೆ ಜನರಲ್ ಮೋಟರ್ಸ್ ಮುಂದೆ ನಿಂತ ಮೇಲೆ ಅದೇ ಯೋಜನೆ ಕ್ಯಾಡಿಲಾಕ್ ಹೆಸರಿನಲ್ಲಿ 2026ರ ಹಂಗಾಮಿಗೆ 11ನೇ ತಂಡವಾಗಿ ಪ್ರವೇಶ ಪಡೆಯಿತು. ಪ್ರವೇಶ ಸಿಕ್ಕರೂ ಉಳಿಯುವುದು ಸುಲಭವಲ್ಲ. 2010ರಲ್ಲಿ ಬಂದ ಮೂರು ಹೊಸ ತಂಡಗಳಲ್ಲಿ ಒಂದೂ ಇಂದು ಇಲ್ಲ.

ಆದ್ದರಿಂದ ಹೆಚ್ಚಿನವರು ಹಿಡಿಯುವುದು ಇನ್ನೊಂದು ಹಾದಿಯನ್ನು: ಇರುವ ತಂಡವನ್ನೇ ಕೊಳ್ಳುವುದು. ಕರ್ನಾಟಕಕ್ಕೆ ಚೆನ್ನಾಗಿ ಗೊತ್ತಿರುವ ಉದಾಹರಣೆ ಫೋರ್ಸ್ ಇಂಡಿಯಾ. ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ 2007ರಲ್ಲಿ ಡಚ್ ಉದ್ಯಮಿ ಮಿಶಿಯೆಲ್ ಮೋಲ್ ಜೊತೆ ಸೇರಿ ಸ್ಪೈಕರ್ ತಂಡವನ್ನು ಕೊಂಡರು. ಅದರ ಮೂಲ 1991ರಲ್ಲಿ ರೇಸಿಗಿಳಿದ ಜೋರ್ಡನ್ ತಂಡ. 2008ರಲ್ಲಿ ಫೋರ್ಸ್ ಇಂಡಿಯಾಗೆ ಒಂದು ಅಂಕವೂ ಬರಲಿಲ್ಲ. ಮರುವರ್ಷ ಬೆಲ್ಜಿಯಂನ ಸ್ಪಾದಲ್ಲಿ ಜಾನ್‌ಕಾರ್ಲೊ ಫಿಸಿಕೆಲ್ಲಾ ಪೋಲ್, ಅಂದರೆ ಎಲ್ಲರಿಗಿಂತ ಮುಂದಿನಿಂದ ಓಟ ಶುರುಮಾಡುವ ಜಾಗ, ಪಡೆದು ಎರಡನೆಯವರಾಗಿ ರೇಸ್ ಮುಗಿಸಿದರು. 2016 ಮತ್ತು 2017ರಲ್ಲಿ ತಂಡ ನಾಲ್ಕನೇ ಸ್ಥಾನಕ್ಕೇರಿತು. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಖರ್ಚು ಮಾಡುತ್ತಿದ್ದ ತಂಡಗಳ ನಡುವೆ ಇದು ದೊಡ್ಡ ಸಾಧನೆಯೇ. ಆದರೆ 2018ರಲ್ಲಿ ಹಣಕಾಸು ಕುಸಿದು ತಂಡ ಆಡಳಿತಾಧಿಕಾರಿಗಳ ಕೈಸೇರಿತು; ಕೆನಡಾದ ಲಾರೆನ್ಸ್ ಸ್ಟ್ರೋಲ್ ಬಳಗ ಅದನ್ನು ಕೊಂಡಿತು. ಇಂದಿನ ಆಸ್ಟನ್ ಮಾರ್ಟಿನ್ ಅದೇ ತಂಡ.

ಈ ಹತ್ತು ವರ್ಷಗಳಲ್ಲಿ ಭಾರತಕ್ಕೆ ಒಂದು ದೊಡ್ಡ ಅವಕಾಶ ತಪ್ಪಿತು ಎನ್ನಲೇಬೇಕು. ಕಾರಿನ ಮೇಲೆ ತ್ರಿವರ್ಣವಿತ್ತು, ಕಾರ್ಖಾನೆ ಮಾತ್ರ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲೇ ಉಳಿಯಿತು. 2011ರಲ್ಲಿ ತಂಡ ನಡೆಸಿದ ಪ್ರತಿಭಾ ಶೋಧದಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಬೆಳಕಿಗೆ ಬಂದದ್ದು ನಿಜ. ಆದರೆ ಅದು ಚಾಲಕರಿಗಾಗಿ ನಡೆದ ಶೋಧ. ವಿನ್ಯಾಸಕಾರರಿಗಾಗಿ ಅಂಥ ಹುಡುಕಾಟವೂ ನಡೆದಿದ್ದರೆ ಫಲ ಬೇರೆಯೇ ಇರುತ್ತಿತ್ತು.

ವಿನ್ಯಾಸಕಾರರ ದಾರಿಗೆ ಒಂದೇ ಬಾಗಿಲಿಲ್ಲ. ಈ ಕಾಲದ ಅತಿ ಹೆಸರಾಂತ ವಿನ್ಯಾಸಕ ಏಡ್ರಿಯನ್ ನ್ಯೂವಿ 1980ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದಿಂದ ವಿಮಾನ ಎಂಜಿನಿಯರಿಂಗ್ ಪದವಿ ಪಡೆದು ನೇರವಾಗಿ ಫಿಟ್ಟಿಪಾಲ್ಡಿ ತಂಡ ಸೇರಿದರು. ವಿಲಿಯಮ್ಸ್, ಮೆಕ್‌ಲಾರೆನ್, ರೆಡ್ ಬುಲ್ ತಂಡಗಳಲ್ಲಿ ಗೆದ್ದು 2025ರಲ್ಲಿ ಆಸ್ಟನ್ ಮಾರ್ಟಿನ್‌ಗೆ ಬಂದರು. ರಾಸ್ ಬ್ರಾನ್ ಅವರದು ಬೇರೆಯೇ ಕಥೆ. ಅವರು ಬ್ರಿಟನ್ನಿನ ಹಾರ್ವೆಲ್ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಅಪ್ರೆಂಟಿಸ್ ಆಗಿ ಯಂತ್ರಗೆಲಸ ಕಲಿತವರು. ಅಲ್ಲಿಂದ ಮಾರ್ಚ್ ಎಂಬ ರೇಸ್ ಕಾರು ಕಂಪನಿಯಲ್ಲಿ ಮಿಲ್ಲಿಂಗ್ ಯಂತ್ರ ನಡೆಸಿದರು, ಮುಂದೆ ಮೈಕೆಲ್ ಶೂಮಾಕರ್ ಕಾಲದ ಫೆರಾರಿಗೆ ತಾಂತ್ರಿಕ ಮುಖ್ಯಸ್ಥರಾದರು. ಹೋಂಡಾ ಕೈಬಿಟ್ಟ ತಂಡವನ್ನು ಉಳಿಸಿಕೊಂಡು 2009ರಲ್ಲಿ ತಮ್ಮ ಹೆಸರಿನಲ್ಲೇ ವಿಶ್ವ ಚಾಂಪಿಯನ್ ಮಾಡಿದರು. ಕೈಗಾ ಅಣುಸ್ಥಾವರವೂ ಕದಂಬ ನೌಕಾನೆಲೆಯ ಹಡಗು ದುರಸ್ತಿ ಯಾರ್ಡೂ ಇರುವ ಕಾರವಾರ ತಾಲ್ಲೂಕಿನ ಐಟಿಐ ಹುಡುಗರು ಬ್ರಾನ್ ಅವರ ಈ ಬದುಕನ್ನು ಗಮನಿಸಬೇಕು. ಟರ್ನರ್, ಫಿಟ್ಟರ್, ಮೆಷಿನಿಸ್ಟ್ ಕೆಲಸ ರೇಸಿಂಗಿನ ಹೊರಗಿನದಲ್ಲ.

ಓದುತ್ತಿರುವವರಿಗೆ ಇಂದು ಎಲ್ಲಕ್ಕಿಂತ ನೇರವಾದ ದಾರಿ ಫಾರ್ಮುಲಾ ಸ್ಟೂಡೆಂಟ್. ಅಮೆರಿಕದಲ್ಲಿ 1981ರಲ್ಲಿ ಶುರುವಾದ ವಿದ್ಯಾರ್ಥಿ ಸ್ಪರ್ಧೆ ಇದರ ಮೂಲ. ವಿದ್ಯಾರ್ಥಿಗಳೇ ಸೇರಿ ಒಬ್ಬರು ಕೂರುವ ರೇಸ್ ಕಾರನ್ನು ಲೆಕ್ಕ ಹಾಕಿ, ಕಟ್ಟಿ, ಓಡಿಸಬೇಕು. ಒಟ್ಟು 1000 ಅಂಕಗಳು. ಇವುಗಳಲ್ಲಿ 325 ಕಾರು ನಿಂತಲ್ಲೇ ಸಿಗುವಂಥವು: ವಿನ್ಯಾಸ, ಖರ್ಚಿನ ಲೆಕ್ಕ, ವ್ಯಾಪಾರ ಯೋಜನೆ. ಉಳಿದ 675 ಓಟಕ್ಕೆ. ಭಾರತದಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಭಾರತ್ ಹೆಸರಿನಲ್ಲಿ ಈ ಸ್ಪರ್ಧೆ ನಡೆಯುತ್ತ ಬಂದಿದೆ.

ನಿಯಮಗಳೇ ಇಲ್ಲಿ ಪಾಠ. ಸಾಮಾನ್ಯವಾಗಿ ಬೈಕಿನ ಎಂಜಿನ್ ಬಳಸುತ್ತಾರೆ, ಆದರೆ ಪೆಟ್ರೋಲ್ ಎಂಜಿನ್ ಸೇದುವ ಗಾಳಿಯೆಲ್ಲ 20 ಮಿಲಿಮೀಟರ್ ಅಗಲದ ಒಂದೇ ಕಿಂಡಿಯಿಂದ ಹೋಗಬೇಕು. ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಆ ಕಿಂಡಿಯ ಹಿಂದಿನ ಗಾಳಿಕೊಳವೆಗೆ ಯಾವ ಆಕಾರ ಕೊಟ್ಟರೆ ಹೆಚ್ಚು ಶಕ್ತಿ ಉಳಿಯುತ್ತದೆ ಎಂದು ಎರಡನೇ ವರ್ಷದ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಗಾಳಿ ಹರಿಸಿ ನೋಡುತ್ತ ರಾತ್ರಿ ಕಳೆಯುತ್ತಾರೆ. ಓಟಕ್ಕೆ ಮುನ್ನ ತಪಾಸಣೆ. ಚಾಲಕನನ್ನು ಕೂರಿಸಿಯೇ ಕಾರನ್ನು ಹಲಗೆಯ ಮೇಲೆ 60 ಡಿಗ್ರಿ ವಾಲಿಸುತ್ತಾರೆ, ಚಕ್ರ ಮೇಲೇಳಬಾರದು. ಬೆಲ್ಟು ಬಿಗಿದು ಕೂತ ಚಾಲಕ 5 ಸೆಕೆಂಡಿನಲ್ಲಿ ಹೊರಬರಬೇಕು. ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಒಟ್ಟಿಗೆ ಕಚ್ಚಿಕೊಳ್ಳಬೇಕು. ಕೊನೆಯಲ್ಲಿ ಸುಮಾರು 22 ಕಿಲೋಮೀಟರಿನ ಸಹನೆಯ ಓಟ. ವರ್ಷವಿಡೀ ದುಡಿದ ಎಷ್ಟೋ ತಂಡಗಳ ಕಾರು ಅಲ್ಲೇ ಕೆಟ್ಟು ನಿಲ್ಲುತ್ತದೆ. ಏಕೆ ನಿಂತಿತು ಎಂದು ಬಿಚ್ಚಿ ನೋಡುವುದೇ ಮುಂದಿನ ವರ್ಷದ ಮೊದಲ ಕೆಲಸ.

ರಾಜ್ಯದಲ್ಲಿ ಈ ಪರಂಪರೆ ಗಟ್ಟಿಯಾಗಿದೆ. ಬೆಂಗಳೂರಿನ ಆರ್‌ವಿ ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ 2003ರಿಂದ ಇದೆ, ವಿದೇಶದ ಸ್ಪರ್ಧೆಗಳಿಗೂ ಹೋಗಿ ಬಂದಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ಮಣಿಪಾಲದಲ್ಲೂ ತಂಡಗಳಿವೆ. ಎರಡೂ ಕಾರವಾರ, ಅಂಕೋಲೆಯಿಂದ ಅದೇ ಕರಾವಳಿ ಹೆದ್ದಾರಿಯ ದಿಕ್ಕಿನಲ್ಲಿ ತೆಂಕಣಕ್ಕಿವೆ, ಕೊಂಕಣ ರೈಲಿನಲ್ಲಿ ಕೆಲವೇ ತಾಸಿನ ಪ್ರಯಾಣ. ಕಾರವಾರದ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುವವರಿಗೂ ಸ್ಪರ್ಧೆಯ ನಿಯಮಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ. ಬೇಕಾದದ್ದು ಒಂದು ವರ್ಕ್‌ಶಾಪು, ಒಬ್ಬ ಆಸಕ್ತ ಮೇಷ್ಟ್ರು, ಪ್ರಾಯೋಜಕರ ಮನೆಬಾಗಿಲು ತಟ್ಟುವ ನಾಲ್ಕು ಮಂದಿ.

ಕರಾವಳಿಗೆ ಇನ್ನೊಂದು ಅನುಕೂಲವೂ ಇದೆ. ಅಚ್ಚಿನ ಮೇಲೆ ನಾರಿನ ಹಾಸು ಹರಡಿ, ರೆಸಿನ್ ಬಳಿದು, ಪದರದ ಮೇಲೆ ಪದರ ಕೂರಿಸಿ ಫೈಬರ್ ದೋಣಿ ಮಾಡುವುದನ್ನು ಮೀನುಗಾರರ ಮನೆಯ ಮಕ್ಕಳು ಕಂಡೇ ಬೆಳೆದಿರುತ್ತಾರೆ. ರೇಸ್ ಕಾರಿನ ಗೂಡೂ ಇದೇ ತತ್ವದ್ದು. ಅಲ್ಲಿ ಗಾಜಿನ ನಾರಿನ ಬದಲು ಇಂಗಾಲದ ನಾರು. ರೆಸಿನ್ ಮೊದಲೇ ಹೀರಿಕೊಂಡ ಹಾಸನ್ನು ಒತ್ತಡದ ಒಲೆಯಲ್ಲಿ ಬೇಯಿಸುತ್ತಾರೆ. ನಾರು ಯಾವ ದಿಕ್ಕಿಗಿದ್ದರೆ ಭಾರ ತಡೆಯುತ್ತದೆ ಎಂಬ ಅರಿವು ಎರಡಕ್ಕೂ ಬೇಕು.

ಪದವಿಯ ನಂತರ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್, ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯಗಳಲ್ಲಿ ಮೋಟಾರ್‌ಸ್ಪೋರ್ಟ್ ಎಂಜಿನಿಯರಿಂಗ್ ಸ್ನಾತಕೋತ್ತರ ಓದಿಗೆ ಅವಕಾಶವಿದೆ. ಹೆಚ್ಚಿನ ಫಾರ್ಮುಲಾ ಒನ್ ತಂಡಗಳ ಕಾರ್ಖಾನೆಗಳು ಅದೇ ಸುತ್ತಮುತ್ತ ಇರುವುದರಿಂದ ಅಲ್ಲಿ ಓದಿದವರಿಗೆ ಅನುಕೂಲ. ಆದರೆ ಶುಲ್ಕ ದುಬಾರಿ, ವೀಸಾದ ತೊಡಕೂ ಉಂಟು. ಇನ್ನೊಂದು ಮಾರ್ಗ ಫಾರ್ಮುಲಾ ಇ. ಈ ವಿದ್ಯುತ್ ಕಾರು ರೇಸಿನಲ್ಲಿ 2014ರ ಮೊದಲ ಹಂಗಾಮಿನಿಂದಲೂ ಮಹೀಂದ್ರಾ ತಂಡವಿದೆ. ಅಲ್ಲಿ ಕಾರಿನ ಚಾಸಿಯನ್ನು ಎಲ್ಲ ತಂಡಗಳಿಗೂ ಒಂದೇ ಬಗೆಯದಾಗಿ ಕೊಡುತ್ತಾರೆ. ತಂಡದ ಎಂಜಿನಿಯರುಗಳ ಕೆಲಸ ಮುಖ್ಯವಾಗಿ ಮೋಟಾರು, ಇನ್ವರ್ಟರು, ಸಾಫ್ಟ್‌ವೇರಿನ ಮೇಲೆ. ವಿದ್ಯುತ್ ಮತ್ತು ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳಿಗೂ ರೇಸಿಂಗ್ ತಂಡದಲ್ಲಿ ಜಾಗವಾದದ್ದು ಹೀಗೆ. ಫಾರ್ಮುಲಾ ಸ್ಟೂಡೆಂಟ್‌ನಲ್ಲೂ ಈಗ ವಿದ್ಯುತ್ ಕಾರುಗಳಿಗೆ ಪ್ರತ್ಯೇಕ ವಿಭಾಗವಿದೆ.