ದಮ್ಮು ಇರುವವರು ನಡೆಯಲೇಬಾರದೇ? ವಾಸ್ತವ ಇಲ್ಲಿದೆ

‘ಅಪ್ಪನಿಗೆ ದಮ್ಮು, ಜಾಸ್ತಿ ಓಡಾಡೋಕೆ ಬಿಡಬೇಡಿ.’ ಈ ಮಾತನ್ನು ನೀವೂ ಕೇಳಿರುತ್ತೀರಿ. ಆಮೇಲೆ ಊಟ ಮಂಚಕ್ಕೇ ಬರುತ್ತದೆ, ಪೇಪರ್ ತರಲು ಮೊಮ್ಮಗ ಓಡುತ್ತಾನೆ. ಕೆಲವೇ ತಿಂಗಳಲ್ಲಿ ಅಪ್ಪನಿಗೆ ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ಕಾಯಿಲೆ ಹೆಚ್ಚಾಯಿತು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಹೆಚ್ಚಾಗಿರುವುದು ವಿಶ್ರಾಂತಿ!

ವಿಶ್ರಾಂತಿಯಿಂದ ತೊಂದರೆ ಹೇಗೆ?

ಬೀಡಿ, ಸಿಗರೇಟಿನ ಹೊಗೆಯಿಂದ, ಹಾಗೆಯೇ ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕೂತವರಿಗೆ ಬರುವ ಶ್ವಾಸಕೋಶದ ಕಾಯಿಲೆ ಸಿಒಪಿಡಿ. ಉಸಿರು ಕಟ್ಟುತ್ತದೆಂದು ನಡೆಯುವುದನ್ನು ಬಿಟ್ಟರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಬೇಗ ದಣಿಯುತ್ತದೆ, ಅದೇ ಕೆಲಸಕ್ಕೆ ಹೆಚ್ಚು ಉಸಿರು ಬೇಡುತ್ತದೆ. ಏದುಸಿರು ಬಂದರೆ ಭಯ, ಭಯವಾದರೆ ಇನ್ನೂ ಕಡಿಮೆ ನಡಿಗೆ. ಈ ಸುಳಿಯಿಂದ ಹೊರತರುವ ಚಿಕಿತ್ಸೆಯೇ ಪಲ್ಮನರಿ ರಿಹ್ಯಾಬಿಲಿಟೇಶನ್, ಅಂದರೆ ಶ್ವಾಸಕೋಶ ಪುನಶ್ಚೇತನ.

ಇದರಲ್ಲಿ ಏನು ಮಾಡಿಸುತ್ತಾರೆ?

ಮೊದಲು ಪರೀಕ್ಷೆ: ಸಮತಟ್ಟಾದ ಜಾಗದಲ್ಲಿ 6 ನಿಮಿಷಕ್ಕೆ ಎಷ್ಟು ದೂರ ನಡೆಯುತ್ತಾರೆ, ಆಗ ಆಕ್ಸಿಜನ್ ಎಷ್ಟಿರುತ್ತದೆ ಎಂದು ನೋಡುತ್ತಾರೆ. ನಂತರ ಸಾಮಾನ್ಯವಾಗಿ 6ರಿಂದ 12 ವಾರ, ವಾರಕ್ಕೆ 2–3 ದಿನ ನಡಿಗೆ, ಸೈಕಲ್, ಕೈಕಾಲಿಗೆ ಬಲ ಕೊಡುವ ವ್ಯಾಯಾಮ. ಜೊತೆಗೆ ಇನ್‌ಹೇಲರ್ ಸರಿಯಾಗಿ ಬಳಸುವುದು, ಆಹಾರ, ತಂಬಾಕು ಬಿಡುವುದು, ಭಯ ನಿಭಾಯಿಸುವುದನ್ನೂ ಕಲಿಸುತ್ತಾರೆ.

ಶ್ವಾಸಕೋಶ ಗುಣವಾಗುತ್ತದೆಯೇ?

ಇಲ್ಲ. ಹಾಳಾದ ಭಾಗ ಮೊದಲಿನಂತಾಗುವುದಿಲ್ಲ. ಆದರೆ ಇರುವ ಉಸಿರಿನಲ್ಲೇ ಹೆಚ್ಚು ಕೆಲಸ ಮಾಡಲು ದೇಹ ಕಲಿಯುತ್ತದೆ. 2015ರ ಕಾಕ್ರೇನ್ ವಿಮರ್ಶೆ 65 ಅಧ್ಯಯನಗಳ 3,800ಕ್ಕೂ ಹೆಚ್ಚು ಸಿಒಪಿಡಿ ರೋಗಿಗಳ ಮಾಹಿತಿಯನ್ನು ಪರಿಶೀಲಿಸಿತು. ಪುನಶ್ಚೇತನ ಪಡೆದವರು 6 ನಿಮಿಷದಲ್ಲಿ ಉಳಿದವರಿಗಿಂತ ಸರಾಸರಿ ಸುಮಾರು 44 ಮೀಟರ್ ಹೆಚ್ಚು ನಡೆದರು. ಏದುಸಿರು, ಸುಸ್ತು ಕೂಡ ಕಡಿಮೆಯಾಗಿತ್ತು. 44 ಮೀಟರ್ ನಮಗೆ ಏನೂ ಅಲ್ಲ. ಅವರಿಗೆ ಅದು ಯಾರ ಕೈಯನ್ನೂ ಹಿಡಿಯದೆ ಮೂಲೆಯ ಅಂಗಡಿಗೆ ಹೋಗಿಬರುವ ದೂರ.

ಬಲೂನ್ ಊದಿದರೆ ಸಾಕಲ್ಲವೇ?

ಸಾಲದು. ಬಲೂನ್ ಊದುವುದು, ಉಸಿರು ಹಿಡಿಯುವುದು ಕಾಲಿಗೆ ಬಲ ಕೊಡುವುದಿಲ್ಲ. ಮನೆಯಲ್ಲಿ ಕಲಿಯಬಹುದಾದ ಒಂದು ಸುಲಭ ವಿಧಾನ ಇದು: ಮೂಗಿನಿಂದ ಉಸಿರು ಎಳೆದು, ಸೀಟಿ ಊದುವಂತೆ ತುಟಿ ಚೂಪು ಮಾಡಿ, ಎಳೆದದ್ದಕ್ಕಿಂತ ಸುಮಾರು ಎರಡು ಪಟ್ಟು ಹೊತ್ತು ನಿಧಾನವಾಗಿ ಬಿಡಬೇಕು. ಮೆಟ್ಟಿಲು ಹತ್ತುವಾಗ ಇದು ನೆರವಾಗುತ್ತದೆ.

ಎಚ್ಚರಿಕೆ

• ವೈದ್ಯರು ಪರೀಕ್ಷಿಸದೆ ವ್ಯಾಯಾಮ ಶುರು ಮಾಡಬೇಡಿ. ಹೃದಯದ ತೊಂದರೆ ಇದ್ದರೆ ಮೊದಲೇ ತಿಳಿಸಿ.
• ಇನ್‌ಹೇಲರ್, ಆಕ್ಸಿಜನ್ ನೀವಾಗಿಯೇ ನಿಲ್ಲಿಸಬೇಡಿ.
• ವ್ಯಾಯಾಮದಲ್ಲಿ ಸ್ವಲ್ಪ ಏದುಸಿರು ಸಹಜ. ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ.
• ಎದೆನೋವು, ತುಟಿ ನೀಲಿಯಾಗುವುದು, ಗೊಂದಲ, ಕೂತರೂ ಇಳಿಯದ ಏದುಸಿರು ಕಂಡರೆ 108ಕ್ಕೆ ಕರೆ ಮಾಡಿ.

ಮುಂದಿನ ಸಲ ಶ್ವಾಸಕೋಶ ತಜ್ಞರ ಬಳಿ ಹೋದಾಗ ಒಂದು ಪ್ರಶ್ನೆ ಕೇಳಿ: ‘ಇವರಿಗೆ ಪಲ್ಮನರಿ ರಿಹ್ಯಾಬ್ ಮಾಡಿಸಬಹುದೇ?’ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡುವುದಾದರೆ ಈ ಪ್ರಶ್ನೆಯನ್ನೇ ಮಾಡಿ.